12 ಹೊಸ ಬೋಧಕ ಹುದ್ದೆ: ವಿಭಾಗಕ್ಕೊಂದರಂತೆ ಹಂಚುವುದೋ, ಗುಂಪಾಗಿ ಕೊಡುವುದೋ?

ಐಕ್ಯೂಎಸಿ ಸಂಯೋಜಕಿ, ಕೋಲಾರ

ಎಲ್ಲರಿಗೂ ನಮಸ್ಕಾರ. ನಮ್ಮ ವಿಶ್ವವಿದ್ಯಾಲಯದ ಆಂತರಿಕ ಗುಣಮಟ್ಟ ಖಾತರಿ ಕೋಶದಿಂದ (ಐಕ್ಯೂಎಸಿ) ಮೂರು ವರ್ಷದಲ್ಲಿ 12 ಸಹಾಯಕ ಪ್ರಾಧ್ಯಾಪಕ ಹುದ್ದೆ ತುಂಬಲು ಕರಡು ಯೋಜನೆ ತಯಾರಿಸಬೇಕಾಗಿದೆ. ವಿಭಾಗಗಳು 14 ಇವೆ, "ನಮಗೊಂದು ಬೇಕು" ಎಂದು ಪ್ರತಿ ಮುಖ್ಯಸ್ಥರೂ ಪತ್ರ ಕೊಟ್ಟಿದ್ದಾರೆ. ಹೇಗೆ ಹಂಚಿದರೆ ಹತ್ತು ವರ್ಷದ ನಂತರವೂ ಸಂಶೋಧನೆಗೆ ಬಲ ಬರುತ್ತದೆ? ಬಂದವರಿಗೆ ಮೊದಲ ಮೂರು ವರ್ಷ ಏನೇನು ಒದಗಿಸಬೇಕು? ವಾರಕ್ಕೆ 16 ಗಂಟೆ ಪಾಠ ಇಟ್ಟುಕೊಂಡು ಸಂಶೋಧನೆಗೆ ಸಮಯ ಎಲ್ಲಿಂದ ತರುವುದು? ಹೆಚ್ಚಿನವರು ಬೆಂಗಳೂರಿನಲ್ಲೇ ಮನೆ ಇಟ್ಟುಕೊಂಡು ಓಡಾಡುತ್ತಾರೆ ಎಂಬುದನ್ನೂ ಗಮನದಲ್ಲಿಟ್ಟು ಹೇಳಿ. "ಪ್ರೋತ್ಸಾಹ ಕೊಡಿ" ಎಂಬ ಮಟ್ಟದ ಸಲಹೆ ಸಾಕಷ್ಟಿದೆ. ಕಡತದಲ್ಲಿ ಬರೆಯಬಹುದಾದಂಥದ್ದು ಬೇಕು.

ಆಡಳಿತ ವಿಭಾಗ, ತುಮಕೂರು

ಮೇಡಂ, ವಿಭಾಗಕ್ಕೊಂದು ಎಂದು ಹಂಚಿದರೆ ಪಂಕ್ತಿಯಲ್ಲಿ ಎಲ್ಲರ ಎಲೆಗೂ ಅರ್ಧ ಚಮಚ ಪಾಯಸ ಬಡಿಸಿದ ಹಾಗಾಗುತ್ತದೆ. ಬಂದ ಒಬ್ಬರು ಆ ವಿಭಾಗದ ಪಾಠದ ಹೊರೆಯಲ್ಲೇ ಮುಳುಗುತ್ತಾರೆ. ಜೊತೆಗೆ ಕೆಲಸ ಮಾಡುವವರಿಲ್ಲ, ಉಪಕರಣ ಹಂಚಿಕೊಳ್ಳುವವರಿಲ್ಲ. ಅವರು ಬೇರೆಡೆ ಹೋದ ದಿನ ಆ ವಿಷಯವೇ ನಿಂತುಹೋಗುತ್ತದೆ.

ಹಂಚುವ ಮೊದಲು ಒಂದು ಪಟ್ಟಿ ಮಾಡಿ: ಮುಂದಿನ ಎಂಟು ವರ್ಷದಲ್ಲಿ ಯಾವ ವಿಭಾಗದಲ್ಲಿ ಯಾರು, ಯಾವ ತಿಂಗಳು ನಿವೃತ್ತರಾಗುತ್ತಾರೆ? ಪ್ರತಿ ಹೆಸರಿನ ಮುಂದೆ ಅವರ ಬಳಿ ಈಗಿರುವ ಪಿಎಚ್‌ಡಿ ವಿದ್ಯಾರ್ಥಿಗಳ ಸಂಖ್ಯೆ ಬರೆಯಿರಿ. 2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಿಎಚ್‌ಡಿ ನಿಯಮದ ಪ್ರಕಾರ ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳ ಮಿತಿ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅಂದರೆ ಒಬ್ಬ ಪ್ರಾಧ್ಯಾಪಕರು ಇನ್ನೂ ಸೇವೆಯಲ್ಲಿದ್ದಾಗಲೇ ವಿಭಾಗದ ಎಂಟು ಸೀಟು ಕರಗಲು ಶುರುವಾಗುತ್ತದೆ. ಹುದ್ದೆ ಖಾಲಿಯಾದ ಮೇಲೆ ಪ್ರಸ್ತಾವ ಕಳಿಸಿದರೆ ಐದಾರು ವರ್ಷದ ಕಂದಕ ಬೀಳುತ್ತದೆ. ಪಾಠ ಮಾಡುವವರೇ ಇಲ್ಲದ ಕೊರತೆ ಬೇರೆ, ಮಾರ್ಗದರ್ಶಕರ ಕೊರತೆ ಬೇರೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಬೇಡಿ.

ಇನ್ನು ಗುಂಪು. 12ರಲ್ಲಿ ನಾಲ್ಕನ್ನು ತೀರಾ ಕಷ್ಟದಲ್ಲಿರುವ ವಿಭಾಗಗಳಿಗೆ ಕೊಟ್ಟು, ಎಂಟನ್ನು ಎರಡು ವಿಷಯಗಳ ಸುತ್ತ ನಾಲ್ಕು ನಾಲ್ಕಾಗಿ ಇಡಿ. ನಿಮ್ಮ ಭಾಗಕ್ಕೆ ನೀರು ಸಹಜ ವಿಷಯ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ, ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಒಬ್ಬ ರಸಾಯನಶಾಸ್ತ್ರಜ್ಞ, ಒಬ್ಬ ಸೂಕ್ಷ್ಮಜೀವಿ ತಜ್ಞೆ, ಭೂಗೋಳದವರೊಬ್ಬರು, ಅರ್ಥಶಾಸ್ತ್ರದವರೊಬ್ಬರು ಸೇರಿದರೆ ಒಂದೇ ಕೆರೆಯಿಂದ ನಾಲ್ಕು ಪ್ರಬಂಧ ಹೊರಡುತ್ತವೆ. ಎರಡನೆಯ ವಿಷಯ ರೇಷ್ಮೆಯೋ, ಟೊಮೆಟೊ ಮಾರುಕಟ್ಟೆಯೋ, ನಿಮ್ಮಲ್ಲಿ ಈಗಾಗಲೇ ಯಾರಿಗೆ ಹಿಡಿತವಿದೆಯೋ ಅದು. ಹೊಸಬರನ್ನು ನಂಬಿ ಬರಿದಾದ ಜಾಗದಲ್ಲಿ ಕೇಂದ್ರ ಕಟ್ಟಲು ಹೋಗಬೇಡಿ.

ಎಡವುವುದು ಜಾಹೀರಾತಿನಲ್ಲಿ. ರೋಸ್ಟರ್ ಬಿಂದು (ಯಾವ ಹುದ್ದೆ ಯಾವ ಮೀಸಲು ವರ್ಗಕ್ಕೆ ಎಂಬ ಕ್ರಮಸಂಖ್ಯೆ) ಮೊದಲು ಅಂತಿಮವಾಗಲಿ, ವಿಷಯ ಆಮೇಲೆ. ಮೀಸಲು ಬಿಂದುವಿನ ಹುದ್ದೆಗೆ "ಜಲ ರಸಾಯನಶಾಸ್ತ್ರದಲ್ಲಿ ವಿಶೇಷಾಧ್ಯಯನ ಕಡ್ಡಾಯ" ಎಂದು ಬರೆದರೆ ಅರ್ಹ ಅಭ್ಯರ್ಥಿ ಸಿಗದೆ ಹುದ್ದೆ ತುಂಬದೆ ಬ್ಯಾಕ್‌ಲಾಗ್‌ಗೆ (ಬಾಕಿ ಹುದ್ದೆಗಳ ಪಟ್ಟಿಗೆ) ಬೀಳುತ್ತದೆ. ಇದು ಆ ಸಮುದಾಯದ ಅಭ್ಯರ್ಥಿಗಳಿಗೂ ಅನ್ಯಾಯ. ವಿಷಯ "ರಸಾಯನಶಾಸ್ತ್ರ" ಎಂದಿರಲಿ, ವಿಶೇಷಾಧ್ಯಯನ "ಅಪೇಕ್ಷಣೀಯ" ಎಂಬ ಕಾಲಂನಲ್ಲಿರಲಿ. 12ನ್ನೂ ಒಂದೇ ವರ್ಷ ತುಂಬಬೇಡಿ, 5–4–3 ಸರಿ. ಒಮ್ಮೆಲೇ ಬಂದವರ ಪದೋನ್ನತಿ ಕಡತಗಳೂ ಒಮ್ಮೆಲೇ ಬರುತ್ತವೆ, ಬೀಜಧನವೂ (ಹೊಸಬರ ಸಂಶೋಧನೆಗೆ ಕೊಡುವ ಆರಂಭಿಕ ಹಣ) ಒಂದೇ ಬಜೆಟ್ ಮೇಲೆ ಬೀಳುತ್ತದೆ. ಆರ್ಥಿಕ ಇಲಾಖೆಯ ಸಹಮತಿಗೆ ಗಡುವಿದ್ದರೆ ಮಾತ್ರ ಬೇರೆ ದಾರಿಯಿಲ್ಲ.

ವಿಜ್ಞಾನ ನಿಕಾಯ, ಪ್ರಯೋಗಾಲಯ ಸಮಿತಿ

ಸಮಯದ ಪ್ರಶ್ನೆಗೆ ನಾನು ಹೇಳುತ್ತೇನೆ ಮೇಡಂ. 2018ರ ಯುಜಿಸಿ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆ ನೇರ ಬೋಧನೆ ಇದೆ. ಅದರ ಮೇಲೆ ಹೊಸಬರಿಗೆ ಪರೀಕ್ಷಾ ಕೆಲಸ, ಎನ್‌ಎಸ್‌ಎಸ್, ಹಾಸ್ಟೆಲ್ ಎಲ್ಲ ಹೊರಿಸುವುದು ಸರಿಯಲ್ಲ. ಗಂಟೆ ಇಳಿಸುವುದು ನಿಮ್ಮ ಕೈಯಲ್ಲಿಲ್ಲ, ಆದರೆ ವೇಳಾಪಟ್ಟಿ ನಿಮ್ಮ ಕೈಯಲ್ಲಿದೆ. 16 ಗಂಟೆಯನ್ನು ಆರು ದಿನಕ್ಕೆ ಎಳೆಯುವ ಬದಲು ಸೋಮವಾರದಿಂದ ಗುರುವಾರದವರೆಗೆ ದಿನಕ್ಕೆ ನಾಲ್ಕರಂತೆ ಕಟ್ಟಿ. ಶುಕ್ರವಾರ, ಶನಿವಾರ ಒಂದೂ ತರಗತಿ ಬೇಡ. ಆ ಎರಡು ದಿನವೂ ಕನಿಷ್ಠ 5 ಗಂಟೆ ಕ್ಯಾಂಪಸ್‌ನಲ್ಲಿ ಇರಲೇಬೇಕು ಎಂಬ ನಿಯಮವಿದೆ, ಹಾಗಾಗಿ ಅವು ಪ್ರಯೋಗಾಲಯದ ದಿನಗಳೇ ಆಗುತ್ತವೆ. ಮಧ್ಯಾಹ್ನ 12ಕ್ಕೊಂದು, 3ಕ್ಕೊಂದು ತರಗತಿ ಇಟ್ಟರೆ ಮಧ್ಯದ ಎರಡು ಗಂಟೆಯಲ್ಲಿ ಯಾವ ಪ್ರಯೋಗವೂ ಮುಗಿಯುವುದಿಲ್ಲ.

ಗಂಟೆಗಿಂತ ಭಾರವಾದದ್ದು ಪತ್ರಿಕೆಗಳ (ಪಾಠ ಮಾಡಬೇಕಾದ ಪಠ್ಯವಿಷಯಗಳ) ಸಂಖ್ಯೆ. ನಾಲ್ಕು ಬೇರೆ ಬೇರೆ ಪತ್ರಿಕೆ ಪಾಠ ಮಾಡುವವರ ರಾತ್ರಿಗಳೆಲ್ಲ ಟಿಪ್ಪಣಿ ತಯಾರಿಯಲ್ಲೇ ಹೋಗುತ್ತವೆ. ಹೊಸಬರಿಗೆ ಎರಡೇ ಪತ್ರಿಕೆ ಕೊಡಿ, ಎರಡು ವರ್ಷ ಅವನ್ನೇ ಮುಂದುವರಿಸಿ. ಹಿರಿಯರು ಬಿಟ್ಟ ಪತ್ರಿಕೆಗಳೆಲ್ಲ ಹೊಸಬರ ತಲೆಗೆ ಎಂಬ ಅಭ್ಯಾಸ ನಿಲ್ಲಬೇಕು.

ಬೀಜಧನಕ್ಕೆ ಅದೇ ನಿಯಮದಲ್ಲಿ ಅಳತೆಗೋಲಿದೆ: ವಿಜ್ಞಾನ ಮತ್ತು ತಂತ್ರಜ್ಞಾನಕ್ಕೆ 6 ಲಕ್ಷ, ಮಾನವಿಕ, ಭಾಷೆ, ಸಮಾಜವಿಜ್ಞಾನಕ್ಕೆ 3 ಲಕ್ಷ ರೂಪಾಯಿ. ಕೆಡುವುದು ಎಲ್ಲಿ ಅಂದರೆ, ಆಗಸ್ಟ್‌ನಲ್ಲಿ ಸೇರಿದವರ ಪ್ರಸ್ತಾವ ಡಿಸೆಂಬರ್‌ಗೆ ಸಮಿತಿಗೆ ಬರುತ್ತದೆ, ವಿತ್ತಾಧಿಕಾರಿಗಳ ಸಹಿ ಫೆಬ್ರವರಿಗೆ, ಮಾರ್ಚ್ 31ಕ್ಕೆ ಹಣ ವಾಪಸು. ನೇಮಕಾತಿ ಆದೇಶದ ಜೊತೆಗೇ ಮಂಜೂರಾತಿ ಪತ್ರ ಕೊಡಿ. "ಎರಡು ಆರ್ಥಿಕ ವರ್ಷಗಳಲ್ಲಿ ಬಳಸತಕ್ಕದ್ದು" ಎಂಬ ಒಂದು ಸಾಲನ್ನು ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ನಿರ್ಣಯದಲ್ಲೇ ಸೇರಿಸಿ. ರಾಸಾಯನಿಕ, ಗಾಜಿನ ಸಾಮಾನಿನಂಥ ಸಣ್ಣ ಖರೀದಿ ವಿಭಾಗದ ಮಟ್ಟದಲ್ಲೇ ಮುಗಿಯುವಂತೆ, ಸಾರ್ವಜನಿಕ ಖರೀದಿಯ ಪಾರದರ್ಶಕತೆ ಕಾಯ್ದೆಯ ಮಿತಿಯೊಳಗೆ ಅಧಿಕಾರ ವಹಿಸಿಕೊಡಿ.

6 ಲಕ್ಷದಲ್ಲಿ ದೊಡ್ಡ ಯಂತ್ರದ ಆಸೆ ಬೇಡ. ಲೋಹದ ಅಂಶ ಅಳೆಯುವ ಅಟಾಮಿಕ್ ಅಬ್ಸಾರ್ಪ್ಷನ್ ಯಂತ್ರ ತಂದರೆ ಒಂದೊಂದು ಲೋಹಕ್ಕೆ ಒಂದೊಂದು ಲ್ಯಾಂಪ್, ಅಸಿಟಿಲೀನ್ ಸಿಲಿಂಡರ್, ಯುಪಿಎಸ್, ವರ್ಷದ ನಿರ್ವಹಣಾ ಒಪ್ಪಂದ ಎಲ್ಲ ಬೇಕು. ಒಪ್ಪಂದ ಮುಗಿದ ಮಾರನೆಯ ವರ್ಷ ಯಂತ್ರದ ಮೇಲೆ ಬಟ್ಟೆ ಹೊದಿಸಿರುತ್ತಾರೆ. ಅದರ ಬದಲು ಫ್ಲೋರೈಡ್ ಅಯಾನ್ ಎಲೆಕ್ಟ್ರೋಡ್ ಮತ್ತು ಒಳ್ಳೆಯ ಮೀಟರ್ ಕೊಳ್ಳಲಿ. ಮಾದರಿ ನೀರಿಗೆ ಸಮ ಪ್ರಮಾಣದಲ್ಲಿ ಟಿಸಾಬ್ ಎಂಬ, ಅಯಾನ್ ಬಲವನ್ನು ಸಮಗೊಳಿಸುವ ದ್ರಾವಣ ಬೆರೆಸಿ ಪಿಎಚ್ 5ರಿಂದ 5.5ಕ್ಕೆ ತರಬೇಕು. ಗಾಜಿನ ಬದಲು ಪ್ಲಾಸ್ಟಿಕ್ ಬೀಕರ್ ಬಳಸಬೇಕು. ಪ್ರಮಾಣ ದ್ರಾವಣವೂ ಮಾದರಿಯೂ ಒಂದೇ ಉಷ್ಣತೆಯಲ್ಲಿರಬೇಕು. ಸಾಂದ್ರತೆ ಹತ್ತು ಪಟ್ಟು ಹೆಚ್ಚಿದಾಗ ಓದು ಸುಮಾರು 59 ಮಿಲಿವೋಲ್ಟ್ ಇಳಿದರೆ ಎಲೆಕ್ಟ್ರೋಡ್ ಚೆನ್ನಾಗಿದೆ, 50ಕ್ಕಿಂತ ಕಡಿಮೆಯಾದರೆ ಆ ದಿನದ ಅಂಕಿಗಳನ್ನು ಬಿಡಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 1.0 ಮಿ.ಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ. ಒಂದು ತಾಲ್ಲೂಕಿನ ಕೊಳವೆಬಾವಿಗಳನ್ನು ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಅಳೆದರೆ ಮೊದಲ ಪ್ರಬಂಧಕ್ಕೆ ಸಾಮಗ್ರಿ ಸಿದ್ಧ. ದೊಡ್ಡ ಯಂತ್ರದ ಕೆಲಸವನ್ನು ಬೆಂಗಳೂರಿನ ಸಂಸ್ಥೆಗಳಲ್ಲಿ ಮಾದರಿಗೆ ಇಷ್ಟು ಎಂದು ಶುಲ್ಕ ಕಟ್ಟಿ ಮಾಡಿಸಬಹುದು, ಬೀಜಧನದಲ್ಲಿ ಆ ಶೀರ್ಷಿಕೆಗೆ ಒಂದೂವರೆ ಲಕ್ಷ ಇಡಿ.

ಕನ್ನಡ ಅಧ್ಯಯನ, ಚಿಕ್ಕಬಳ್ಳಾಪುರ

ಸರ್ ಹೇಳಿದ್ದೆಲ್ಲ ಪ್ರಯೋಗಾಲಯಕ್ಕೆ ಸರಿ. ಭಾಷೆ, ಇತಿಹಾಸದವರನ್ನು ಮರೆಯಬೇಡಿ, ಅವರಿಗೆ ಬೇಕಾದದ್ದು ಬೇರೆ. ಕೈವಾರದ ಸುತ್ತ ತಾತಯ್ಯನವರ ತತ್ವಪದ ಹಾಡುವವರ ಬಳಿ ಕೆಲಸ ಮಾಡುವವರಿಗೆ ಬಾಡಿಗೆ ಗಾಡಿ, ಒಳ್ಳೆಯ ಧ್ವನಿಮುದ್ರಕ, ತೆಲುಗು ಪದಗಳನ್ನು ಲಿಪ್ಯಂತರ ಮಾಡುವವರ ಸಂಬಳ, ಹಾಡುಗಾರರಿಗೆ ಗೌರವಧನ ಬೇಕು. ಬೀಜಧನದ ನಮೂನೆಯಲ್ಲಿ "ಉಪಕರಣ, ರಾಸಾಯನಿಕ" ಎಂಬ ಕಾಲಂಗಳಷ್ಟೇ ಇದ್ದರೆ ಇದೆಲ್ಲ ಆಡಿಟ್ ಆಕ್ಷೇಪಣೆಗೆ ಬೀಳುತ್ತದೆ. ನಮೂನೆಯನ್ನೇ ಬೇರೆ ಮಾಡಿಸಿ.

ಇನ್ನೊಂದು, ಯುಜಿಸಿ ಕೇರ್ ಪಟ್ಟಿಯನ್ನು (ಮಾನ್ಯ ಸಂಶೋಧನಾ ನಿಯತಕಾಲಿಕಗಳ ಪಟ್ಟಿ) 2025ರಲ್ಲಿ ಕೈಬಿಡಲಾಗಿದೆ. ಯಾವ ಕನ್ನಡ ಪತ್ರಿಕೆಯ ಲೇಖನ ಪದೋನ್ನತಿಗೆ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ನಿಮ್ಮ ವಿಶ್ವವಿದ್ಯಾಲಯವೇ ತೀರ್ಮಾನಿಸಬೇಕು. ಹೊಸಬರು ಸೇರುವ ಮೊದಲೇ ವಿಭಾಗವಾರು ಮಾನದಂಡ ಬರೆದು ಪ್ರಕಟಿಸಿ. ಇಲ್ಲದಿದ್ದರೆ ನಾಲ್ಕು ವರ್ಷದ ನಂತರ ಸಮಿತಿಯ ಮುಂದೆ "ಇದು ನಡೆಯುವುದಿಲ್ಲ" ಎಂಬ ಮಾತು ಕೇಳಬೇಕಾಗುತ್ತದೆ, ಆಗ ಅವರ ಶ್ರಮಕ್ಕೆ ಯಾರು ಜವಾಬ್ದಾರಿ?

ಐಕ್ಯೂಎಸಿ ಸಂಯೋಜಕಿ, ಕೋಲಾರ

ತುಂಬ ಉಪಯೋಗವಾಯಿತು. ಎರಡು ಸಂದೇಹ: ಆಯ್ಕೆಯಾದವರಿಗೆ ಪಿಎಚ್‌ಡಿ ಇಲ್ಲದಿದ್ದರೆ? ಬೆಂಗಳೂರಿನಿಂದ ಓಡಾಡುವವರನ್ನು ಉಳಿಸಿಕೊಳ್ಳುವುದು ಹೇಗೆ?

ಆಡಳಿತ ವಿಭಾಗ, ತುಮಕೂರು

2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ನೇಮಕಕ್ಕೆ ನೆಟ್, ಸೆಟ್ ಅಥವಾ ಸ್ಲೆಟ್ ಅರ್ಹತಾ ಪರೀಕ್ಷೆ ಸಾಕು, ಪಿಎಚ್‌ಡಿ ಐಚ್ಛಿಕ. ಹಾಗಾಗಿ ಪಿಎಚ್‌ಡಿ ಇಲ್ಲದವರು ಬಂದೇ ಬರುತ್ತಾರೆ. ಪಿಎಚ್‌ಡಿ ಜೊತೆಗೆ ಮೂರು ಪ್ರಕಟಣೆ ಆಗುವವರೆಗೆ ಅವರು ಮಾರ್ಗದರ್ಶಕರಾಗುವಂತಿಲ್ಲ. ಪದೋನ್ನತಿಯಲ್ಲೂ ವ್ಯತ್ಯಾಸವಿದೆ: 10ನೇ ವೇತನ ಹಂತದಿಂದ 11ಕ್ಕೆ ಪಿಎಚ್‌ಡಿ ಇದ್ದರೆ 4 ವರ್ಷ, ಎಂಫಿಲ್ ಇದ್ದರೆ 5, ಎರಡೂ ಇಲ್ಲದಿದ್ದರೆ 6. ಮೊದಲ ವರ್ಷವೇ ನೋಂದಣಿ ಮಾಡಿಸಿ. ಕೋರ್ಸ್‌ವರ್ಕ್ ನಡೆಯುವ ಸೆಮಿಸ್ಟರ್‌ಗೆ ಹೊಂದುವಂತೆ ಅವರ ವೇಳಾಪಟ್ಟಿ ಕಟ್ಟಿ. ಅಧ್ಯಯನ ರಜೆ ಸಿಗುವುದು ಮೂರು ವರ್ಷ ನಿರಂತರ ಸೇವೆಯ ನಂತರ, ಅದನ್ನು ಪ್ರಬಂಧ ಬರೆಯುವ ಹಂತಕ್ಕೆ ಉಳಿಸಿಕೊಳ್ಳಲು ಹೇಳಿ.

4 ವರ್ಷ ತುಂಬಿದರೂ ಪದೋನ್ನತಿ ತಡವಾಗಲು ಸಾಮಾನ್ಯ ಕಾರಣ 21 ದಿನದ ಓರಿಯೆಂಟೇಷನ್ ಮತ್ತು ಕನಿಷ್ಠ ಒಂದು ವಾರದ ರಿಫ್ರೆಷರ್ ಅಥವಾ ಒಂದು ಮೂಕ್ (ಆನ್‌ಲೈನ್ ಮುಕ್ತ) ಕೋರ್ಸ್ ಬಾಕಿ ಇರುವುದು. ಸೆಮಿಸ್ಟರ್ ಮಧ್ಯೆ ಮುಖ್ಯಸ್ಥರು ಬಿಡುವುದಿಲ್ಲ. ಮೊದಲ ರಜೆಯಲ್ಲೇ ಕಳಿಸಲು ಐಕ್ಯೂಎಸಿಯಿಂದ ನೇರವಾಗಿ ಪತ್ರ ಹೋಗಲಿ.

ಓಡಾಟಕ್ಕೆ ಬಂದರೆ, ಕೋಲಾರವೂ ತುಮಕೂರೂ ಬೆಂಗಳೂರಿನಿಂದ ಸುಮಾರು 70 ಕಿ.ಮೀ. ಒಂದು ಕಡೆಗೆ ಎರಡು ಗಂಟೆ ಹಿಡಿದರೆ ದಿನಕ್ಕೆ ನಾಲ್ಕು ಗಂಟೆ ದಾರಿಯಲ್ಲೇ ಕಳೆಯುತ್ತದೆ. ಇಲ್ಲೇ ಮನೆ ಮಾಡಿ ಎಂದು ಸುತ್ತೋಲೆ ಹೊರಡಿಸಿ ಪ್ರಯೋಜನವಿಲ್ಲ, ಮಕ್ಕಳ ಶಾಲೆ, ಸಂಗಾತಿಯ ಕೆಲಸ ಅಲ್ಲಿರುತ್ತದೆ. ಮಾಡಬಹುದಾದದ್ದು: ಅತಿಥಿಗೃಹದಲ್ಲಿ ನಾಲ್ಕು ಕೋಣೆ ಬೋಧಕರಿಗೆಂದೇ ಮೀಸಲಿಟ್ಟು ವಾರಕ್ಕೆ ಎರಡು ರಾತ್ರಿ ತಂಗಲು ಬಿಡಿ. ಗುರುವಾರ ತಂಗಿದವರು ಶುಕ್ರವಾರ ಬೆಳಿಗ್ಗೆ ಏಳಕ್ಕೇ ಪ್ರಯೋಗಾಲಯದಲ್ಲಿರುತ್ತಾರೆ, ಅದಕ್ಕೆ ಬೀಗದ ಕೈ ಅವರ ಬಳಿಯೇ ಇರಬೇಕು, ಅಟೆಂಡರ್ ಬರುವವರೆಗೆ ಕಾಯುವಂತಾಗಬಾರದು. ಗ್ರಂಥಾಲಯದ ನಿಯತಕಾಲಿಕಗಳು ಮನೆಯಿಂದಲೂ ತೆರೆಯುವಂತೆ ಇನ್‌ಫೆಡ್ ಲಾಗಿನ್ ಸೇರಿದ ವಾರವೇ ಕೊಡಿಸಿ. ಕೇಂದ್ರ ಸರ್ಕಾರದ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯಲ್ಲಿ ಸುಮಾರು 13,000 ನಿಯತಕಾಲಿಕಗಳಿವೆ, ಕ್ಯಾಂಪಸ್‌ನ ಐಪಿ ವಿಳಾಸ ನೋಂದಣಿಯಾಗದಿದ್ದರೆ ಕ್ಯಾಂಪಸ್ ಜಾಲದಲ್ಲಿ ಅವು ನೇರವಾಗಿ ತೆರೆಯುವುದಿಲ್ಲ. ಅದನ್ನು ನಾಳೆಯೇ ಗ್ರಂಥಪಾಲಕರ ಹತ್ತಿರ ಕೇಳಿ.