ಕುಡಿತ ಬಿಟ್ಟ ತಮ್ಮ ವಾಪಸ್ ಕಾಲೇಜಿಗೆ ಹೋಗ್ಬೇಕು, ಸರ್ಟಿಫಿಕೇಟ್ ವಿಷಯದಲ್ಲಿ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಬೆಂಗಳೂರಲ್ಲಿ ಇಂಜಿನಿಯರಿಂಗ್, ಐದನೇ ಸೆಮ್. ಕುಡಿತದ ಚಟಕ್ಕೆ ಆಸ್ಪತ್ರೇಲಿದ್ದು ಬಂದ. ಇವತ್ತಿಗೆ 47 ದಿನ, ಒಂದು ತೊಟ್ಟೂ ಮುಟ್ಟಿಲ್ಲ. ಸಂಜೆ ಏಳಾದ್ರೆ ಕೈ ಸುಮ್ನಿರಲ್ಲ ಅಂತ ಅಮ್ಮನ ಪಕ್ಕ ಕೂತು ಅವರೆಕಾಳು ಹಿಚುಕ್ತಾನೆ. (ದಿನಾ ಹಿಚುಕವರೆ ಸಾರು ತಿಂದು ನಮಗೇ ಸಾಕಾಗಿದೆ!)

ತೊಡಕು ಹಾಜರಿದು. ವಿಟಿಯುನಲ್ಲಿ (ಇವನ ಕಾಲೇಜಿನ ವಿಶ್ವವಿದ್ಯಾಲಯ) 85% ಬೇಕು, ಇವನದು 78. ಅನಾರೋಗ್ಯದ ದಾಖಲೆ ಕೊಟ್ಟು ವಿನಾಯಿತಿ ಕೇಳ್ಬಹುದು. ಆದ್ರೆ ಡಿಸ್ಚಾರ್ಜ್ ಸಮರೀಲಿ ಮೊದಲ ಸಾಲಲ್ಲೇ 'ಆಲ್ಕೋಹಾಲ್ ಡಿಪೆಂಡೆನ್ಸ್' ಅಂತಿದೆ. ಅದನ್ನ ಕೊಟ್ರೆ ಸಂಜೆಯೊಳಗೆ ಇಡೀ ಕ್ಲಾಸಿಗೆ ಗೊತ್ತಾಗುತ್ತೆ, ಅದಕ್ಕಿಂತ ಒಂದು ವರ್ಷ ಹೋದ್ರೂ ಪರವಾಗಿಲ್ಲ ಅಂತ ಕೂತಿದ್ದಾನೆ.

ಹಳೇ ರೂಮ್‌ಮೇಟ್‌ಗಳು ಬೇಡ ಅಂತ ಬೇರೆ ಪಿಜಿ ನೋಡಿದ್ದೀವಿ, ಹತ್ರದಲ್ಲೇ ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರ ಗುಂಪು) ಮೀಟಿಂಗೂ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಮಾತಾಡಿದೆ, ಧೈರ್ಯ ಹೇಳಿದ್ರು. 2017ರ ಮಾನಸಿಕ ಆರೋಗ್ಯ ಕಾಯ್ದೇಲಿ ಗೋಪ್ಯತೆಯ ಹಕ್ಕಿದೆ, ಕುಡಿತದ ಸಮಸ್ಯೆಯೂ ಅದರಡಿ ಬರುತ್ತೆ ಅಂತ ಓದಿದೆ. ಕಾಲೇಜ್ ಆಫೀಸಲ್ಲಿ ಅದು ನಡೆಯುತ್ತಾ?

ಕಾಯಿಲೆ ಹೆಸರಿಲ್ಲದೆ 'ಚಿಕಿತ್ಸೆಯಲ್ಲಿದ್ದರು' ಅಂತಷ್ಟೇ ಡಾಕ್ಟರ್ ಹತ್ರ ಬರೆಸಿ ಕೊಟ್ಟು ಯಾರಿಗಾದ್ರೂ ವಿನಾಯಿತಿ ಸಿಕ್ಕಿದ್ಯಾ? ಅರ್ಜಿ ಎಚ್‌ಒಡಿಗೆ (ವಿಭಾಗದ ಮುಖ್ಯಸ್ಥರಿಗೆ) ಕೊಡ್ಬೇಕಾ, ನೇರ ಪ್ರಿನ್ಸಿಪಾಲರಿಗಾ?