ಅಪ್‌ಡೇಟ್: ಅಮ್ಮನ ಕಣ್ಣಿನ ಎಐ ರಿಪೋರ್ಟ್ ವಿಷ್ಯ

ಹೋದ ತಿಂಗಳು ಕೇಳಿದ್ನಲ್ಲ, ಅಮ್ಮಂಗೆ 14 ವರ್ಷದಿಂದ ಶುಗರ್, ಊರಿನ ಕ್ಯಾಂಪಲ್ಲಿ ಕಣ್ಣಿನ ಫೋಟೋ ತೆಗ್ದು ಎಐ ನೋಡಿ ದೊಡ್ಡಾಸ್ಪತ್ರೆಗೆ ತೋರ್ಸಿ ಅಂತು, ಆದ್ರೆ ಅಮ್ಮ "ಸೂಜಿಗೆ ದಾರ ನಾನೇ ಪೋಣಿಸ್ತೀನಿ, ನಂಗೇನಾಗಿದೆ" ಅಂತಾರೆ, ನಂಬೋದಾ ಅಂತ.

ಹೋಗ್ಬಂದ್ವಿ. ಎಐ ಹೇಳಿದ್ದು ಸರಿ ಇತ್ತು. ರೆಟಿನಾ (ಕಣ್ಣೊಳಗೆ ಹಿಂಭಾಗದ ಪರದೆ) ಡಾಕ್ಟ್ರು ಡ್ರಾಪ್ಸ್ ಹಾಕಿ ಕೂರ್ಸಿ ಆಮೇಲೆ ನೋಡಿದ್ರು, ಬಲಗಣ್ಣಿನ ಫೋಟೋ ಸ್ಕ್ರೀನಲ್ಲಿ ತೋರ್ಸಿದ್ರು, ರಾಗಿ ಕಾಳು ಚೆಲ್ಲಿದಂಗೆ ಸಣ್ಣ ಸಣ್ಣ ಕೆಂಪು ಚುಕ್ಕೆ, ಶುಗರ್‌ನಿಂದ ರಕ್ತನಾಳ ಉಬ್ಬಿ ಸೋರಿರೋದಂತೆ, ನೋಡಿ ಎದೆ ಝಲ್ ಅಂತು. ಓಸಿಟಿ ಅನ್ನೋ ಕಣ್ಣಿನ ಸ್ಕ್ಯಾನಲ್ಲಿ ನೋಡಿದ್ರೆ ರೆಟಿನಾದ ಮಧ್ಯಭಾಗಕ್ಕೆ ನೀರು ತುಂಬಿಲ್ಲ, ಅದಕ್ಕೇ ದೃಷ್ಟಿ ಇನ್ನೂ ಚೆನ್ನಾಗಿದೆ. ಸದ್ಯಕ್ಕೆ ಲೇಸರ್, ಇಂಜೆಕ್ಷನ್ ಬೇಡ, ಶುಗರ್ ಬಿಪಿ ಹಿಡಿತದಲ್ಲಿಡಿ, 6 ತಿಂಗಳಿಗೆ ಬನ್ನಿ ಅಂದ್ರು.

ಎಡಗಣ್ಣಿನ ಫೋಟೋ ಎಐಗೆ ಓದೋಕೇ ಆಗಿರ್ಲಿಲ್ಲ, ಪೊರೆ ಬರ್ತಿದ್ಯಂತೆ. ಫೋಟೋ ಸರಿ ಬಂದಿಲ್ಲ ಅಂದ್ರೂ ಡಾಕ್ಟ್ರಿಗೆ ತೋರಿಸ್ಲೇಬೇಕು, ದಯವಿಟ್ಟು ಬಿಟ್ಬಿಡ್ಬೇಡಿ.

ಈ ಎಐ ಎಲ್ಲ ಫಾರಿನ್‌ನವ್ರ ಕಣ್ಣು ನೋಡಿ ಕಲ್ತಿದ್ದು ಅಂತ ಒಬ್ರು ಅಂದಿದ್ರಿ. ಅಮ್ಮಂಗೆ ಮಾಡಿದ್ದು ಯಾವ ಕಂಪ್ನಿದೋ ಕೇಳ್ಲಿಲ್ಲ, ಆದ್ರೆ ಇಂಥದ್ದೇ ಕಣ್ಣಿನ ಎಐ ಬಗ್ಗೆ 2016ರಲ್ಲಿ ಬಂದ ಗೂಗಲ್ ಸ್ಟಡಿಗೆ ನಮ್ಮ ಅರವಿಂದ್ ಕಣ್ಣಾಸ್ಪತ್ರೆ, ಶಂಕರ ನೇತ್ರಾಲಯ, ಬೆಂಗಳೂರಿನ ನಾರಾಯಣ ನೇತ್ರಾಲಯದ ಫೋಟೋಗಳನ್ನೂ ಬಳಸಿದ್ರು.

ಅಮ್ಮ ಈಗ ಅಪ್ಪನ್ನೂ ಚೆಕಪ್‌ಗೆ ಎಬ್ಬಿಸ್ತಿದಾರೆ.