ಕೊಳಚೆ ನೀರು ಶುದ್ಧೀಕರಣ ಘಟಕ ಖಾಸಗಿಯವರಿಗೆ ಕೊಟ್ಟರೆ ತಪ್ಪೇನು?

ಲೆಕ್ಕಿಗ: ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020-21ರ ಅಂಕಿ ನೋಡಿ. ನಗರಗಳ ಕೊಳಚೆ ದಿನಕ್ಕೆ 72,368 ದಶಲಕ್ಷ ಲೀಟರ್. ಕಟ್ಟಿರೋ ಸಾಮರ್ಥ್ಯ 31,841. ನಿಜಕ್ಕೂ ಶುದ್ಧವಾಗ್ತಿರೋದು 20,236. ಕಟ್ಟಿದ್ದನ್ನೇ ನಡೆಸಲಾಗದವರ ಕೈಲಿ ಇನ್ನೆಷ್ಟು ದಿನ ಬಿಡೋದು? ನಮಾಮಿ ಗಂಗೆಯ ಹೈಬ್ರಿಡ್ ಆನ್ಯುಟಿ ಮಾದರಿಯಲ್ಲಿ ಕಂಪನಿಗೆ ಸರ್ಕಾರ ಕಟ್ಟುವಾಗ ಕೊಡೋದು ಶೇ 40 ದುಡ್ಡು, ಉಳಿದ ಶೇ 60 ಹದಿನೈದು ವರ್ಷದ ಕಂತು. ನೀರು ಸರಿಯಿಲ್ಲದಿದ್ದರೆ ಕಂತಿಗೆ ಕತ್ತರಿ.

ಪಂಪ್‌ಹೌಸ್: "ಕಂತಿಗೆ ಕತ್ತರಿ" ಅಂತೆ! ಹಾಕೋರ್ಯಾರು? ಸ್ಯಾಂಪಲ್ ತೆಗೆಯೋರು ಬರೋ ಸುದ್ದಿ ಮೊದಲೇ ಮುಟ್ಟಿರುತ್ತೆ. ಅವತ್ತು ಬ್ಲೋವರ್‌ಗಳೆಲ್ಲ ಓಡುತ್ತೆ, ಟ್ಯಾಂಕ್ ತುಂಬ ಗುಳ್ಳೆ. ಆಮೇಲೆ ರಾತ್ರಿ ಹೊತ್ತು ಆಫ್. ಕರೆಂಟ್ ಬಿಲ್ಲಿನ ದೊಡ್ಡ ಪಾಲು ಗಾಳಿ ಊದೋದಕ್ಕೇ ಹೋಗುತ್ತಲ್ಲ, ಉಳಿಸೋದೂ ಅಲ್ಲೇ. ಬಿಓಡಿ, ಅಂದ್ರೆ ನೀರಿನ ಕೊಳೆ ತಿನ್ನೋಕೆ ಬ್ಯಾಕ್ಟೀರಿಯಾಗೆ ಬೇಕಾಗೋ ಆಮ್ಲಜನಕದ ಲೆಕ್ಕ. ಅದರ ರಿಪೋರ್ಟಿಗೆ ಐದು ದಿನ. ಅಷ್ಟರಲ್ಲಿ ಆ ನೀರು ನದಿ ಸೇರಿರುತ್ತೆ.

ಬಿಳಿಕೋಟು: ಐದಲ್ಲ ಸ್ವಾಮಿ, ಮೂರು. ಭಾರತೀಯ ಮಾನಕದಲ್ಲಿ ಸ್ಯಾಂಪಲ್ ಬಾಟಲಿ 27 ಡಿಗ್ರಿಯಲ್ಲಿ ಇಡೋದು ಮೂರು ದಿನ. ಐದು ದಿನ ಅನ್ನೋದು 20 ಡಿಗ್ರಿಯದ್ದು. ಇಷ್ಟೂ ಗೊತ್ತಿಲ್ಲದೆ ಬ್ಲೋವರ್ ಕಥೆ ಬೇರೆ.

ಪಂಪ್‌ಹೌಸ್: ಮೂರೋ ಐದೋ, ನದಿಗೇನು ವ್ಯತ್ಯಾಸ?

ಕೆಸರುಗದ್ದೆ: ವ್ಯತ್ಯಾಸ ಇದೆ! ದಿನ ಕಮ್ಮಿ ಮಾಡಿದರೆ ಬಿಓಡಿ ಕಮ್ಮಿ ಬರುತ್ತೆ. ಗುತ್ತಿಗೆದಾರರಿಗೆ ಪಾಸ್ ಮಾಡಿಸೋ ದಾರಿ ಇದು. ಪ್ಯಾರಿಸ್ 2010ರಲ್ಲಿ ಖಾಸಗಿಯವರಿಂದ ನೀರನ್ನ ವಾಪಸ್ ತಗೊಂಡಿದ್ದು ಸುಮ್ಮನೆ ಅಲ್ಲ.

ಲೆಕ್ಕಿಗ: ಪ್ಯಾರಿಸ್‌ನದು ಕುಡಿಯೋ ನೀರು. ಕೊಳಚೆ ಬಗ್ಗೆ ಮಾತಾಡಿ.

ಬಿಳಿಕೋಟು: ಬಿಸಿ ಹೆಚ್ಚಿದ್ದರೆ ಬ್ಯಾಕ್ಟೀರಿಯಾ ಬೇಗ ತಿನ್ನುತ್ತೆ, ಅದಕ್ಕೇ ಮೂರು ದಿನ ಸಾಕು. ಫಲಿತಾಂಶ ಹೆಚ್ಚುಕಮ್ಮಿ ಒಂದೇ. ಮಾನಕ 3025, ಭಾಗ 44. ಓದಿ ಬನ್ನಿ.

ಕೆಸರುಗದ್ದೆ: "ಹೆಚ್ಚುಕಮ್ಮಿ" ಅಂದ್ರಲ್ಲ, ಅಲ್ಲೇ ಸಿಕ್ಕಿಬಿದ್ರಿ. ದಂಡ ಹಾಕೋದೂ ಹೆಚ್ಚುಕಮ್ಮೀನಾ?

ಬಿಳಿಕೋಟು: ಇನ್‌ಕ್ಯುಬೇಟರ್ ಬಾಗಿಲು ಒಂದು ಸಲವಾದರೂ ತೆಗೆದಿದ್ದೀರಾ? ಬಾಟಲಿ ಹಿಡಿದು ಗೊತ್ತಾ? ಸುಮ್ಮನೆ ವದರಬೇಡಿ!

ಲೆಕ್ಕಿಗ: ಆನ್‌ಲೈನ್ ಮೀಟರ್ ಇರುವಾಗ ಈ ಜಗಳವೇ ಬೇಡ. ರೀಡಿಂಗ್ ಕ್ಷಣಕ್ಷಣಕ್ಕೂ ಸಿಗುತ್ತೆ.

ಬಿಳಿಕೋಟು: ಅದು ಬಿಓಡಿ ಅಳೆಯಲ್ಲ ರೀ. ನೀರು ಅತಿನೇರಳೆ ಬೆಳಕನ್ನ ಎಷ್ಟು ಹೀರಿತು ಅಂತ ನೋಡಿ ಅಂದಾಜು ಹೇಳುತ್ತೆ. ಸೆನ್ಸರ್ ಗಾಜಿಗೆ ಲೋಳೆ ಮೆತ್ತಿಕೊಂಡರೆ ಆ ಅಂದಾಜೂ ಹೋಯ್ತು.

ಪಂಪ್‌ಹೌಸ್: ಕೇಳಿಸ್ತಾ ಲೆಕ್ಕಿಗರೇ? ನಿಮ್ಮ ಕಡೆಯವರೇ ಹೇಳ್ತಿದ್ದಾರೆ.

ಬಿಳಿಕೋಟು: ನಾನ್ಯಾರ ಕಡೆಯೂ ಅಲ್ಲ. ಮೂರು ದಿನದ ಕಡೆ.

ಮ್ಯಾನ್‌ಹೋಲ್: ಬಿಓಡಿ ಆಚೆಗಿಡಿ. ಮನೆಗಳಿಗೆ ಒಳಚರಂಡಿ ಸಂಪರ್ಕವೇ ಇಲ್ಲದೆ ಕೊಳಚೆ ರಾಜಕಾಲುವೆಗೆ ಹೋದರೆ ಘಟಕ ಅರ್ಧ ಖಾಲಿ. ಪೈಪ್ ಹಾಕಬೇಕಾದ್ದು ಪಾಲಿಕೆ. ಹಾಕದಿದ್ದರೂ ಕಂಪನಿಗೆ ಕಂತು ಕಟ್ಟಲೇಬೇಕು. ಅದ್ಯಾಕೆ ಯಾರೂ ಕೇಳ್ತಿಲ್ಲ?

ಲೆಕ್ಕಿಗ: "ಪಾಲಿಕೆ" ಅಂತ ನೀವೇ ಅಂದ್ರಲ್ಲ. ನಾನು ಹೇಳ್ತಿರೋದೂ ಅದನ್ನೇ, ಪಾಲಿಕೆಗೆ ಆಗಲ್ಲ. ನಾಗಪುರದಲ್ಲಿ ಶುದ್ಧೀಕರಿಸಿದ ನೀರನ್ನ ಕೊರಾಡಿ ವಿದ್ಯುತ್ ಸ್ಥಾವರ ಬಳಸ್ತಿದೆ.

ಮ್ಯಾನ್‌ಹೋಲ್: ನಾನು ಕೇಳಿದ್ದು ಪೈಪು.

ಕೆಸರುಗದ್ದೆ: ಭಾಗ 44 ತೆರೆದು ನೋಡಿದೆ. ಮೂರು ದಿನ ಅಂತಲೇ ಇದೆ. ಇರಲಿ, ಬರೆದವರ್ಯಾರು ಅನ್ನೋದೂ ಮುಖ್ಯ.